ಬಲಗಣ್ಣಿನ ಕಾವಲು

ಆ ಮನೆಯಲ್ಲಿ ಯಾರೋ ಹುಡುಗಿಗೆ ಹೊಡೆಯುತ್ತಿದ್ದಾರೆ ಎಂಬ ಅನುಮಾನ ನನಗೆ ಮೊದಲ ತಿಂಗಳಲ್ಲೇ ಬಂದಿತ್ತು. ಯಾರು ಎಂಬುದನ್ನೂ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಿದ್ದೆ. ಅವಳ ಚಿಕ್ಕಪ್ಪ. ಸಾಕ್ಷಿ ಇರಲಿಲ್ಲ, ಅಷ್ಟೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಬುದ್ಧಿಮಾಂದ್ಯರಿರುವ ಮನೆಗಳಿಗೇ ಹೋಗಿ ತರಬೇತಿ ಕೊಡುವ ಸಂಸ್ಥೆಯೊಂದರಲ್ಲಿ ನನಗೆ ಕೆಲಸ. ಕಚೇರಿ ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿತ್ತು. ಸಂಜೆ ಅಂಗಿ ಬಿಚ್ಚಿದರೆ ಅದಕ್ಕೂ ಶೇಂಗಾ ಹಿಂಡಿಯ ವಾಸನೆ. ಮೊಳಕಾಲ್ಮೂರು ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದ ಕಾರ್ಯಕರ್ತೆ ಮದುವೆಯಾಗಿ ಕೆಲಸ ಬಿಟ್ಟಿದ್ದರು, ಬೇರೆ ಹೆಣ್ಣುಮಗಳು ಸಿಕ್ಕಿರಲಿಲ್ಲ. ಹಾಗಾಗಿ ಆ ದಾರಿ ನನ್ನ ತಲೆಗೆ ಬಂತು. ವಾರಕ್ಕೊಮ್ಮೆ ಖಾಸಗಿ ಬಸ್ಸು ಹತ್ತಿ ಕೊಂಡ್ಲಹಳ್ಳಿಯಲ್ಲಿ ಇಳಿದು, ಕರಿಮಣ್ಣಿನ ಒಳದಾರಿಯಲ್ಲಿ ನಡೆದರೆ ಕುರಿ ಸಾಕುವವರ ಒಂದು ಹಟ್ಟಿ. ಸುತ್ತಲೂ ಮುಳ್ಳುಬೇಲಿ, ಒಳಗೆ ಒತ್ತೊತ್ತಾಗಿ ಮನೆಗಳು, ನಡುವೆ ದೇವರ ಗುಡಿ.

ನಾನು ಸ್ವಭಾವತಃ ಅನುಮಾನದ ಮನುಷ್ಯ. ಅಂಗಡಿಯವನು ತಕ್ಕಡಿ ಎತ್ತಿದರೆ ಮುಳ್ಳು ನೋಡುತ್ತೇನೆ, ಕಂಡಕ್ಟರು ಬಸ್ಸು ನಿಲ್ಲುತ್ತದೆ ಎಂದರೆ ಡ್ರೈವರನ್ನೂ ಕೇಳುತ್ತೇನೆ. ನನ್ನ ಕೆಲಸಕ್ಕೆ ಈ ಗುಣ ಒಳ್ಳೆಯದೇ ಎಂದು ನಂಬಿದ್ದೆ. ಯಾಕೆಂದರೆ ಮನೆಯವರು ಹೇಳುವುದು ಒಂದು, ಮನೆಯಲ್ಲಿ ನಡೆಯುವುದು ಇನ್ನೊಂದು ಆಗಿರುವುದೇ ಹೆಚ್ಚು.

ಹುಡುಗಿಗೆ ಹದಿನೇಳೋ ಹದಿನೆಂಟೋ ವಯಸ್ಸು. ಮಾತು ಬರುತ್ತಿರಲಿಲ್ಲ, ಒಂದೆರಡು ಸದ್ದು ಮಾತ್ರ. ಕೂತಲ್ಲಿ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ಲಂಗದ ಅಂಚಿನಿಂದ ಒಂದು ದಾರ ಎಳೆದು ಕಣ್ಣಿನ ಮುಂದೆ ಗಂಟೆಗಟ್ಟಲೆ ತಿರುಗಿಸುತ್ತಿದ್ದಳು. ಇವೆರಡರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಮೂರನೆಯದು ಮಾತ್ರ ಭಯಂಕರ. ಬಲಗೈ ಮುಷ್ಟಿ ಬಿಗಿದು ಬಲಗಣ್ಣಿನ ಮೂಳೆಗೆ ಗುದ್ದಿಕೊಳ್ಳುತ್ತಿದ್ದಳು. ಒಮ್ಮೆ ಶುರುವಾದರೆ ಒಂದರ ಹಿಂದೆ ಒಂದು ಏಟು, ಕಲ್ಲಿಗೆ ತೆಂಗಿನಕಾಯಿ ಬಡಿದಂತೆ ಸದ್ದು. ಎಡಗಣ್ಣು ಹುಟ್ಟಿನಿಂದಲೇ ಮಸುಕು. ನಾವೇ ಅವಳನ್ನು ಚಳ್ಳಕೆರೆಗೆ ಕರೆತಂದು ಕಣ್ಣಿನ ಡಾಕ್ಟರಿಗೆ ತೋರಿಸಿದ್ದೆವು. ಅವರು ಬೆಳಕು ಬಿಟ್ಟು ನೋಡಿ, ಒಳಗಿನ ಪರದೆ ಒಂದು ಕಡೆ ಆಗಲೇ ದುರ್ಬಲವಾಗಿದೆ, ಏಟು ನಿಲ್ಲದಿದ್ದರೆ ಅದು ಕಿತ್ತು ಬರುತ್ತದೆ, ಬಂದರೆ ಈ ಹುಡುಗಿ ಪೂರ್ತಿ ಕುರುಡಿ ಎಂದು ನೇರವಾಗಿಯೇ ಹೇಳಿದರು. ತಾಯಿ ಆ ಮಾತು ಕೇಳಿ ಅಳಲಿಲ್ಲ. ಮಗಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಹಟ್ಟಿ ತಲುಪುವವರೆಗೂ ಬಿಡಲಿಲ್ಲ.

ಮನೆಯಲ್ಲಿ ಇದ್ದವರು ನಾಲ್ವರು. ಹುಡುಗಿ, ಅವಳ ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಅಪ್ಪನ ತಮ್ಮನಾದ ಈ ಚಿಕ್ಕಪ್ಪ. ಅಪ್ಪ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋದವನು, ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಚಿಕ್ಕಪ್ಪನಿಗೆ ನನ್ನ ಮೇಲೆ ಮೊದಲ ದಿನದಿಂದಲೂ ಗುಮಾನಿ. ಬೆಳೆದ ಹುಡುಗಿ ಇರುವ ಮನೆಗೆ ಗಂಡಸೊಬ್ಬ ವಾರವಾರ ಬಂದು ಕೂತು ಬರೆದುಕೊಳ್ಳುತ್ತಾನೆಂದರೆ ಯಾರಿಗೆ ತಾನೇ ಸಮಾಧಾನ? ಹುಡುಗಿಯನ್ನು ಯಾವುದೋ ಹಾಸ್ಟೆಲಿಗೆ ಹೊತ್ತೊಯ್ಯುವವನಿರಬೇಕು ಎಂದು ಹಟ್ಟಿಯಲ್ಲಿ ಮಾತಾಗಿತ್ತಂತೆ. ಅವನು ಹೊಸ್ತಿಲ ಮೇಲೆ ಕೋಲು ಅಡ್ಡ ಹಿಡಿದು ಕೂರುತ್ತಿದ್ದ. ನಾನು ಹುಡುಗಿಯನ್ನು ನೋಡುತ್ತಿದ್ದೆ, ಅವನು ನನ್ನನ್ನು ನೋಡುತ್ತಿದ್ದ.

ನಮ್ಮ ಕೆಲಸದ ಮೊದಲ ಪಾಠವೇನೆಂದರೆ, ಮತ್ತೆ ಮತ್ತೆ ಮಾಡುವ ಯಾವ ನಡವಳಿಕೆಯನ್ನೂ ಹುಚ್ಚು ಎಂದು ತಳ್ಳಿಹಾಕಬಾರದು. ಅದರಿಂದ ಆ ಮನುಷ್ಯನಿಗೆ ಏನೋ ಸಿಗುತ್ತಿರುತ್ತದೆ, ಇಲ್ಲವೇ ಬೇಡವಾದದ್ದು ಏನೋ ತಪ್ಪುತ್ತಿರುತ್ತದೆ. ಆದ್ದರಿಂದ ಏಟಿಗೆ ಮುಂಚೆ ಏನಾಯಿತು, ಏಟಿನ ನಂತರ ಏನಾಯಿತು ಎಂದು ನೋಡಬೇಕು. ಕೆಲವರು ಬರೀ ಒಳಗಿನ ಹಿತಕ್ಕಾಗಿ ತೂಗುತ್ತಾರೆ, ದಾರ ತಿರುಗಿಸುತ್ತಾರೆ. ಅದನ್ನು ಬಿಡಿಸಬೇಕೆಂದು ಅಜ್ಜಿ ನನ್ನನ್ನು ಕೇಳಿಕೊಂಡಳು, ನೋಡಿದವರು ನಗುತ್ತಾರಂತೆ. ನಗುವವರಿಗಾಗಿ ನಾನು ಕೆಲಸ ಮಾಡುವುದಿಲ್ಲ, ಅದು ಅವಳ ಸುಖ, ಬಿಡಿ ಎಂದೆ. ಅಜ್ಜಿಗೆ ಇದು ಹಿಡಿಸಲಿಲ್ಲ. ಬರಿಗೈಲಿ ಬಂದ ಮೇಷ್ಟ್ರು ಬರಿಮಾತಲ್ಲೇ ಕೆಲಸ ತಪ್ಪಿಸಿಕೊಳ್ಳುತ್ತಾನೆ ಎಂಬ ಹಾಗೆ ನೋಡಿದಳು.

ನಾನಿಲ್ಲದಾಗ ಏಟಿನ ಲೆಕ್ಕ ಹಿಡಿಯಲು ಒಂದು ಉಪಾಯ ಮಾಡಿದೆ. ಪ್ರತಿ ಸಲ ಹುಡುಗಿ ಗುದ್ದಿಕೊಳ್ಳಲು ಶುರುಮಾಡಿದಾಗ ಅಜ್ಜಿ ಒಂದು ಶೇಂಗಾ ಬೀಜವನ್ನು ಡಬ್ಬಿಗೆ ಹಾಕಬೇಕು. ಮುಂದಿನ ವಾರ ಹೋದರೆ ಡಬ್ಬಿಯಲ್ಲಿ ಸಿಪ್ಪೆ ಮಾತ್ರ ಇತ್ತು. ಯಾರು ತಿಂದರೆಂದು ಯಾರೂ ಒಪ್ಪಿಕೊಳ್ಳಲಿಲ್ಲ. ಹುಣಸೆ ಬೀಜಕ್ಕೆ ಬದಲಾಯಿಸಿದೆ. ಆ ವಾರ ಬೀಜಗಳೆಲ್ಲ ಒಂದೇ ಸಮ ಹೊಳೆಯುತ್ತಿದ್ದವು. ನಾನು ಬರುವುದು ಕಂಡು ಈಗಷ್ಟೇ ಸುರಿದಿದ್ದಾರೆ ಎಂದುಕೊಂಡು, ಇದು ದಿನಾ ಹಾಕಿದ್ದೇ ತಾನೆ ಎಂದು ಕೇಳಿಯೂಬಿಟ್ಟೆ. ಹಂಗಾರೆ ನೀನೇ ಇಲ್ಲಿ ಬಿಡಾರ ಹೂಡಿ ಎಣಿಸಪ್ಪ ಎಂದು ಅಜ್ಜಿ ಡಬ್ಬಿಯನ್ನು ನನ್ನ ಮುಂದೆ ಕುಕ್ಕಿದಳು.

ಕೆಲವು ವಾರಗಳಲ್ಲಿ ಒಂದು ಚಿತ್ರ ಮೂಡಿತು. ಕೈ ಖಾಲಿ ಇದ್ದಾಗ, ಹಸಿವಾದಾಗ, ಮೂಲೆಯಲ್ಲಿ ಒಬ್ಬಳೇ ಕೂತಾಗ ಸಣ್ಣಪುಟ್ಟ ಗುದ್ದು. ಅದಕ್ಕೆ ಮದ್ದು ಸುಲಭವಿತ್ತು. ಗುದ್ದುವ ಕೈಗೆ ಕೆಲಸ ಕೊಟ್ಟೆವು. ಶೇಂಗಾ ಸುಲಿಯುವುದು, ಬುಟ್ಟಿಯಿಂದ ಬುಟ್ಟಿಗೆ ಕಾಯಿ ಹಾಕುವುದು. ಕೈ ಕೆಲಸದಲ್ಲಿ ಇರುವಾಗಲೇ ಬೆನ್ನು ಸವರಿ ಒಂದು ಚೂರು ಬೆಲ್ಲ. ಮುಷ್ಟಿ ಎದ್ದರೆ ಬೈಯುವಂತಿಲ್ಲ, ಹೊಡೆಯುವಂತಿಲ್ಲ, ಅಯ್ಯೋ ಅಮ್ಮಾ ಎನ್ನುವಂತಿಲ್ಲ. ಮುಖಕ್ಕೂ ಮುಷ್ಟಿಗೂ ನಡುವೆ ಅಂಗೈ ಒಡ್ಡಿ ಏಟನ್ನು ಅಲ್ಲೇ ತಡೆಯುವುದು, ಮತ್ತೆ ಕೈಯನ್ನು ಬುಟ್ಟಿಗೆ ಹಚ್ಚುವುದು. ಅವ್ವ ಇದನ್ನು ಬೇಗ ಕಲಿತಳು. ಡಬ್ಬಿಯ ತಳ ಕಾಣತೊಡಗಿತು. ನಾನು ಒಳಗೊಳಗೇ ಬೀಗಿದೆ.

ಅಷ್ಟರಲ್ಲಿ ಒಂದು ವಾರ ಹೋದರೆ ಹುಡುಗಿಯ ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಡಬ್ಬಿ ತುಂಬಿತ್ತು. ಅವ್ವ ಮನೆಯಲ್ಲಿರಲಿಲ್ಲ. ಎಲ್ಲಿ ಎಂದು ಕೇಳಿದೆ. ಚಿಕ್ಕಪ್ಪ ತವರಿಗೆ ಹೋಗ್ಯಾಳೆ ಎಂದ. ಹುಡುಗಿಯ ಬಲ ಮಣಿಕಟ್ಟಿನ ಸುತ್ತ ಬೆರಳು ಮೂಡಿದ ನೀಲಿ ಗುರುತು. ಇದೇನು ಎಂದು ಕೇಳಿದ್ದಕ್ಕೆ ಅವನು ಉತ್ತರ ಕೊಡದೆ ಎದ್ದು ಹೋದ.

ನಂತರದ ವಾರ ಅವ್ವ ಮನೆಯಲ್ಲಿದ್ದಳು, ಎಲ್ಲ ಮೊದಲಿನಂತೆ ಶಾಂತ. ತವರಿನಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ವಿಚಾರಿಸಿದೆ. ಅವಳು ತಲೆ ತಗ್ಗಿಸಿ ಹೂಂ ಎಂದಳು. ಆ ಹೂಂಕಾರ ಸುಳ್ಳೆಂದು ನನಗೆ ಗೊತ್ತಾಯಿತು. ಕೆಲವು ವಾರ ಕಳೆದು ಮತ್ತೆ ಅದೇ ಕಥೆ. ಅವ್ವ ಇಲ್ಲ, ಡಬ್ಬಿ ತುಂಬಿದೆ, ಕಣ್ಣು ಊದಿದೆ, ಮಣಿಕಟ್ಟಿಗೆ ನೀಲಿ.

ತಾಯಿ ಇಲ್ಲದಿದ್ದರೆ ಮಗು ರಂಪ ಮಾಡುವುದು ಸಹಜ ಎನ್ನಬಹುದು. ಆದರೆ ಕಳೆ ತೆಗೆಯುವ ಕಾಲದಲ್ಲಿ ಇದೇ ಅವ್ವ ಬೆಳಿಗ್ಗೆ ಕೂಲಿಗೆ ಹೋದವಳು ಬೈಗಿಗೆ ಬರುತ್ತಿದ್ದಳು, ಆಗ ಹುಡುಗಿ ಅಜ್ಜಿಯ ಜೊತೆ ಇಡೀ ದಿನ ಶೇಂಗಾ ಸುಲಿಯುತ್ತಾ ಸುಮ್ಮನಿರುತ್ತಿದ್ದಳು. ಹೊಲಕ್ಕೆ ಹೋದರೆ ಇಲ್ಲದ ಏಟು ತವರಿಗೆ ಹೋದರೆ ಎಲ್ಲಿಂದ ಬಂತು? ತಾಯಿ ರಾತ್ರಿಗೂ ಇಲ್ಲದ ದಿನ ಆ ಮನೆಯಲ್ಲಿ ಬೇರೇನೋ ನಡೆಯುತ್ತಿದೆ ಎಂದು ಗಟ್ಟಿ ಮಾಡಿಕೊಂಡೆ. ನನ್ನ ಅನುಮಾನಕ್ಕೆ ಒಬ್ಬ ಕಳ್ಳ ಬೇಕಾಗಿತ್ತು, ಕೋಲು ಹಿಡಿದು ಹೊಸ್ತಿಲ ಮೇಲೆ ಕೂತವನು ಸಿದ್ಧವಾಗಿಯೇ ಇದ್ದ. ನಿದ್ದೆ ಮಾತ್ರೆ ಹಾಕುತ್ತಿರಬಹುದೆಂದು ಮೊಳಕಾಲ್ಮೂರಿನ ಔಷಧಿ ಅಂಗಡಿಗೂ ಹೋಗಿ ಕೇಳಿ ಬಂದೆ. ಅಂಗಡಿಯವನು ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ನೀವ್ಯಾರು, ನಿಮಗೆ ಯಾಕೆ ಬೇಕು ಎಂದು ಜಾಲಾಡಿ, ಒಂದು ಮಾತೂ ಹೇಳದೆ ಕಳಿಸಿದ.

ಕಚೇರಿಯಲ್ಲಿ ನಮ್ಮ ಹಿರಿಯರಿಗೆ ವಿಷಯ ತಿಳಿಸಿದೆ. ಹೊಡೆಯುತ್ತಿದ್ದರೆ ಪೊಲೀಸರಿಗೆ ಹೇಳಬೇಕಾಗುತ್ತದೆ, ಮೊದಲು ಕಣ್ಣಾರೆ ನೋಡಿ ಬಾ ಎಂದರು. ಎಂದಿನ ದಿನ ಹೋಗುವುದು ಬಿಟ್ಟು, ಬೇರೊಂದು ದಿನ, ಬೇರೆ ದಾರಿಯಲ್ಲಿ ಹೊರಟೆ. ಎಂದಿನ ನಿಲ್ದಾಣದಲ್ಲಿ ಇಳಿಯದೆ ಮುಂದೆ ಹೋಗಿ ಇಳಿದು, ಕೆರೆಯಂಗಳದ ಕಡೆಯಿಂದ ಜಾಲಿ ಪೊದೆಗಳ ಮರೆಯಲ್ಲಿ ನಡೆದು ಹಟ್ಟಿಯ ಹಿಂಭಾಗಕ್ಕೆ ಬಂದೆ. ಇಷ್ಟು ತಿಂಗಳು ಬಂದರೂ ನಾನು ಆ ಹಿಂಭಾಗವನ್ನು ನೋಡಿರಲಿಲ್ಲ.

ಮುಳ್ಳುಬೇಲಿಯ ಹೊರಗೆ, ಬೇವಿನ ಮರದ ಕೆಳಗೆ, ಸೋಗೆಯ ಒಂದು ಸಣ್ಣ ಗುಡಿಸಲು. ಅದರ ಮುಂದೆ ಹುಡುಗಿಯ ಅವ್ವ ಕೂತಿದ್ದಳು. ಪಕ್ಕದಲ್ಲಿ ಒಂದು ತಟ್ಟೆ, ಒಂದು ಚೊಂಬು, ಒಂದು ಚಾಪೆ. ತವರಿಗೆ ಹೋಗಿದ್ದವಳು ಮನೆಯಿಂದ ಕೂಗಳತೆಯಲ್ಲಿದ್ದಳು. ಆ ಹಟ್ಟಿಯ ಹೆಂಗಸರು ಮುಟ್ಟಾದ ದಿನಗಳಲ್ಲಿ ಒಳಗೆ ಇರುವಂತಿಲ್ಲ, ಒಳಗೆ ದೇವರಿದ್ದಾನೆ ಎಂದು. ಈ ಪದ್ಧತಿಯ ಬಗ್ಗೆ ನಾನು ಕೇಳಿಯೇ ಇರಲಿಲ್ಲ ಎಂದಲ್ಲ. ಆದರೆ ಗಂಡಸಾದ ನನಗೆ ಅವರು ಅದನ್ನು ಬಾಯಿಬಿಟ್ಟು ಹೇಳುವವರಲ್ಲ, ನಾನೂ ಆ ದಿಕ್ಕಿನಲ್ಲಿ ಯೋಚಿಸಿರಲಿಲ್ಲ.

ಬೇಲಿಯ ಸಂದಿನಿಂದ ಮನೆಯ ಹಿತ್ತಿಲು ಕಾಣುತ್ತಿತ್ತು. ಅಲ್ಲಿ ಹುಡುಗಿ ಅವ್ವನ ಕಡೆಗೇ ಮುಖ ಮಾಡಿ ನಿಂತಿದ್ದಳು. ಒಂದು ಹೆಜ್ಜೆ ಬೇಲಿಯತ್ತ ಬಂದಳು. ಅಜ್ಜಿ ಹಿಡಿದೆಳೆದಳು. ಮುಷ್ಟಿ ಎದ್ದಿತು. ನಾನು ಅಷ್ಟು ದಿನ ನೋಡಿದ್ದು ಏಟೇ ಅಲ್ಲ ಅನ್ನಿಸುವಂಥ ಏಟು. ಅವ್ವ ಕೂತಲ್ಲಿಂದಲೇ ಬ್ಯಾಡ ಕಂದಾ, ಬ್ಯಾಡ ನನ್ನವ್ವಾ ಎಂದು ಕೂಗುತ್ತಿದ್ದಳು. ಕೂಗಿದಷ್ಟೂ ಹುಡುಗಿ ಗುದ್ದಿಕೊಂಡಳು. ಚಿಕ್ಕಪ್ಪ ಓಡಿ ಬಂದು ಅವಳ ಮಣಿಕಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ಅವಳು ಕೊಸರಿದಳು, ಅವನು ಬಿಡಲಿಲ್ಲ. ನೀಲಿ ಗುರುತು ಎಲ್ಲಿಂದ ಬರುತ್ತಿತ್ತು ಎಂಬುದು ಅಲ್ಲಿಗೆ ಗೊತ್ತಾಯಿತು. ಅವನು ಹೊಡೆಯುತ್ತಿರಲಿಲ್ಲ, ಅವಳ ಕಣ್ಣನ್ನು ಕಾಯುತ್ತಿದ್ದ. ಕೊನೆಗೆ ಅಜ್ಜಿ ನೋಡಲಾರದೆ, ಹಾಳಾಗಿ ಹೋಗ್ಲಿ ಬಿಡು ಎಂದು ಹುಡುಗಿಯನ್ನು ಬೇಲಿಯ ಗಂಡಿಯಿಂದ ಹೊರಗೆ ಬಿಟ್ಟಳು. ಓಡಿ ಹೋಗಿ ಅವ್ವನ ಮಡಿಲಿಗೆ ಬಿದ್ದವಳ ಮುಷ್ಟಿ ತಕ್ಷಣ ಸಡಿಲಿತು. ಆಮೇಲೆ ಒಳಗೆ ಕರೆದುಕೊಳ್ಳುವ ಮುಂಚೆ, ಮೈಲಿಗೆ ಕಳೆಯಲೆಂದು, ತಲೆಗೆ ಎರಡು ಕೊಡ ತಣ್ಣೀರು. ಹುಡುಗಿ ನಡುಗುತ್ತಾ ಒಳಗೆ ಹೋದಳು, ತಿರುಗಿ ಅವ್ವನನ್ನು ನೋಡಿದಳು, ಮುಷ್ಟಿ ಮತ್ತೆ ಎದ್ದಿತು.

ನಾನು ಪೊದೆಯಿಂದ ಎದ್ದು ಬಂದೆ. ಮೂವರೂ ನನ್ನನ್ನು ನೋಡಿ ಕಲ್ಲಾದರು. ಕಳ್ಳನನ್ನು ಹಿಡಿಯಲು ಬಂದವನು ನಾನೇ ಕಳ್ಳನ ಹಾಗೆ ನಿಂತಿದ್ದೆ. ಚಿಕ್ಕಪ್ಪ ಕೋಲು ಎತ್ತಿಕೊಂಡು, ಹೆಣ್ಮಕ್ಳು ಕೂತಿರೋ ಜಾಗಕ್ಕೆ ಹಿಂದಿಂದ ಬರ್ತೀರಾ ಎಂದು ಏರಿ ಬಂದ. ನೀವು ಹುಡುಗಿಗೆ ಹೊಡೀತಿದ್ದೀರಿ ಅಂದುಕೊಂಡಿದ್ದೆ, ಅದಕ್ಕೇ ಬಂದೆ ಎಂದು ಇದ್ದದ್ದನ್ನು ಹೇಳಿದೆ. ಅವನ ಕೋಲು ಕೆಳಗಿಳಿಯಿತು. ಸಿಟ್ಟಿಗಿಂತ ಅವಮಾನವಾದಂತೆ ಕಂಡ. ಗುಡಿಸಲ ಬಳಿಯಿಂದ ಅವ್ವ ಮುಖ ಮರೆಮಾಡಿಕೊಂಡೇ ಮಾತಾಡಿದಳು.

"ನಾ ಹೊಲಕ್ಕೆ ಹೋದ್ರೆ ಅವಳ ಕಣ್ಣಿಗೆ ಕಾಣಂಗಿಲ್ಲ ಸಾರ್, ಸುಮ್ನಿರ್ತಾಳೆ. ಇಲ್ಲಿ ಕಾಣ್ತೀನಿ. ಕಾಣಾ ಅವ್ವ ಯಾತಕ್ಕೆ ಬರಂಗಿಲ್ಲ ಅಂತ ಅವಳಿಗೆ ಹೆಂಗೆ ತಿಳೀಬೇಕು?"

ನಾನು ತಿಂಗಳುಗಟ್ಟಲೆ ಹುಡುಕುತ್ತಿದ್ದ ಉತ್ತರ ಅದೇ ಆಗಿತ್ತು. ಗುದ್ದಿಕೊಂಡರೆ ಕೆಲವು ಸಲ ಏನೂ ಸಿಗುವುದಿಲ್ಲ, ಕೆಲವು ಸಲ ಅವ್ವ ಸಿಗುತ್ತಾಳೆ. ಯಾವ ಏಟಿಗೆ ಸಿಗುತ್ತಾಳೆಂದು ಗೊತ್ತಿಲ್ಲದ್ದರಿಂದ ಗುದ್ದುತ್ತಲೇ ಇರಬೇಕು, ಜೋರಾಗಿ ಗುದ್ದಬೇಕು. ಪ್ರತಿ ಸಲವೂ ಫಲ ಕೊಡುವ ಅಭ್ಯಾಸವನ್ನು ಬಿಡಿಸಬಹುದು. ಆಗೊಮ್ಮೆ ಈಗೊಮ್ಮೆ ಫಲ ಕೊಡುವುದೇ ಗಟ್ಟಿಯಾಗಿ ಬೇರು ಬಿಡುತ್ತದೆ. ಅಜ್ಜಿಯ ಕರುಣೆಯೇ ಅದಕ್ಕೆ ನೀರೆರೆದಿತ್ತು, ಪಾಪ ಅವಳಿಗೆ ಅದು ಹೇಗೆ ತಿಳಿಯಬೇಕು. ಆಮೇಲೆ ಅಜ್ಜಿಯೇ ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದಳು. ಹುಡುಗಿಯೇ ಹೊರಗೆ ಕೂರುವ ದಿನಗಳಲ್ಲಿ ಅವ್ವ ಅವಳ ಜೊತೆಗೇ ಇರುತ್ತಾಳೆ, ಆಗ ಕಣ್ಣಿನ ಹತ್ತಿರಕ್ಕೂ ಕೈ ಹೋಗುವುದಿಲ್ಲವಂತೆ.

ಚಳ್ಳಕೆರೆಗೆ ಬಂದು ಹಿರಿಯರಿಗೆ ಹೇಳಿದಾಗ ಅವರು ಕೆಂಡವಾದರು. ಹೆಂಗಸರನ್ನು ಹೊರಗೆ ಹಾಕುವುದೇ ತಪ್ಪು, ಆ ತಾಯಿಯನ್ನು ಮನೆಯೊಳಗೆ ಕೂರಿಸು, ಒಪ್ಪದಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡೋಣ ಎಂದರು. ತಪ್ಪು ಎಂಬುದರಲ್ಲಿ ನನಗೂ ಎರಡು ಮಾತಿರಲಿಲ್ಲ. ಮಳೆ, ಚಳಿ ಎನ್ನದೆ ಒಬ್ಬಳು ಸೋಗೆಯ ಕೆಳಗೆ ಮಲಗುವುದನ್ನು ನೋಡಿ ಬಂದಿದ್ದೆ. ಆದರೆ ಅರ್ಜಿ ಕೊಟ್ಟ ದಿನವೇ ಹಟ್ಟಿಯ ಬಾಗಿಲು ನಮಗೆ ಮುಚ್ಚುತ್ತದೆ, ಪದ್ಧತಿ ಬದಲಾಗಲು ಎಷ್ಟು ವರ್ಷ ಬೇಕೋ, ಹುಡುಗಿಯ ಕಣ್ಣಿಗೆ ಅಷ್ಟು ವರ್ಷವಿಲ್ಲ. ಬಸ್ ನಿಲ್ದಾಣದ ಚಹಾದ ಅಂಗಡಿಯಲ್ಲಿ ಒಬ್ಬನೇ ಕೂತು ಬಹಳ ಹೊತ್ತು ಯೋಚಿಸಿದೆ. ಮೊದಲು ಕಣ್ಣು, ಬೇಲಿಯ ಜಗಳ ಆಮೇಲೆ ಎಂದು ತೀರ್ಮಾನಿಸಿದೆ. ಹಿರಿಯರು ನನ್ನನ್ನು ಹೇಡಿ ಎಂದರು. ಎಂದುಕೊಳ್ಳಲಿ ಎಂದು ಮತ್ತೆ ಹಟ್ಟಿಯ ಬಸ್ಸು ಹತ್ತಿದೆ.

ಅವ್ವ ಹೊರಗಿರುವುದೇ ಆದರೆ, ಅವಳನ್ನು ಕೇಳಿ ಪಡೆಯುವ ಬೇರೆ ದಾರಿಯನ್ನು ಹುಡುಗಿಗೆ ಕಲಿಸಬೇಕು. ಮುಷ್ಟಿಗಿಂತ ಸುಲಭವಾದ, ಮುಷ್ಟಿಗಿಂತ ಬೇಗ ಫಲ ಕೊಡುವ ದಾರಿ. ನಮ್ಮ ಮನೆಯಲ್ಲಿ ಹಿಂದೆ ಹೊರಗೆ ಕೂತ ತಾಯಂದಿರ ಬಳಿಗೆ ಎಳೆಯ ಮಕ್ಕಳನ್ನು ಕಂಬಳಿ ಹೊದಿಸಿ ಬಿಡುತ್ತಿದ್ದುದನ್ನು ಕೇಳಿದ್ದೆ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ ಎಂಬ ನಂಬಿಕೆ. ಕುರಿ ಸಾಕುವ ಹಟ್ಟಿಯಲ್ಲಿ ಈ ನಂಬಿಕೆ ಇಲ್ಲದಿರುತ್ತದೆಯೇ? ಅಜ್ಜಿಯನ್ನು ಕೇಳಿದೆ. ಐತಲ್ಲ, ಆದ್ರೆ ಅದು ಹಾಲು ಕುಡಿಯೋ ಕೂಸಿಗೆ, ಇಷ್ಟುದ್ದ ಬೆಳೆದವಳಿಗಲ್ಲ ಎಂದಳು. ಇವಳೂ ಕೂಸೇ ಅಲ್ಲವೇ ಎಂದು ನಾನು ಹೇಳಲಿಲ್ಲ, ಆ ಮಾತು ನನಗೆ ಇಷ್ಟವಿಲ್ಲ. ಕಣ್ಣು ಹೋದರೆ ದೇವರ ಗುಡಿಯೂ ಅವಳಿಗೆ ಕಾಣುವುದಿಲ್ಲ ಎಂದಷ್ಟೇ ಹೇಳಿದೆ. ಚಿಕ್ಕಪ್ಪ ಹಟ್ಟಿಯ ಯಜಮಾನರ ಹತ್ತಿರ ಮಾತಾಡಿದ. ಅವರು ಎರಡು ಷರತ್ತಿನ ಮೇಲೆ ಒಪ್ಪಿದರು. ಕಂಬಳಿ ಹೊದ್ದೇ ಹೋಗಬೇಕು, ಹೊದ್ದೇ ಬರಬೇಕು. ಮತ್ತೆ, ಹೆಂಗಸರು ಹೊರಗೆ ಕೂತ ದಿನ ಈ ಮೇಷ್ಟ್ರು ಆ ಕಡೆ ಸುಳಿಯಬಾರದು.

ಕಲಿಸುವ ಕೆಲಸವನ್ನು ಅವ್ವ ಮನೆಯಲ್ಲೇ ಇದ್ದ ದಿನಗಳಲ್ಲಿ ಶುರುಮಾಡಿದೆವು. ಗೋಡೆಯ ಗೂಟಕ್ಕೆ ಹುಡುಗಿಯ ಕೈಗೆಟುಕುವಂತೆ ಒಂದು ಸಣ್ಣ ಕರಿ ಕಂಬಳಿ. ಅವ್ವ ಅಂಗಳದಲ್ಲಿ ಸ್ವಲ್ಪ ದೂರ ಕೂರುವುದು. ಅಜ್ಜಿ ಮಗ್ಗುಲಲ್ಲಿ. ಚಿಕ್ಕಪ್ಪ ಹುಡುಗಿಯ ಹಿಂದೆ, ಯಾಕೆಂದರೆ ಬೆಳೆದ ಹುಡುಗಿಯನ್ನು ನಾನು ಮುಟ್ಟುವಂತಿರಲಿಲ್ಲ. ಹುಡುಗಿ ಅವ್ವನನ್ನು ನೋಡಿ ಮಿಸುಕಿದ ಕೂಡಲೇ, ಮುಷ್ಟಿ ಏಳುವ ಮುಂಚೆಯೇ, ಚಿಕ್ಕಪ್ಪ ಹಿಂದಿನಿಂದ ಅವಳ ಕೈ ಹಿಡಿದು ಕಂಬಳಿ ತೆಗೆಸಿ ಅಜ್ಜಿಯ ಕೈಗೆ ಕೊಡಿಸಬೇಕು. ಮಾತಾಡುವಂತಿಲ್ಲ. ಕೊಟ್ಟ ತಕ್ಷಣ ಅಜ್ಜಿ ಅದನ್ನು ಹೊದಿಸಿ ಅವ್ವನ ಬಳಿಗೆ ಬಿಡಬೇಕು. ಅವ್ವ ಅಪ್ಪಿಕೊಳ್ಳಬೇಕು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಮೊದಲಿನಿಂದ. ದಿನ ಕಳೆದಂತೆ ಚಿಕ್ಕಪ್ಪನ ಕೈ ಅವಳ ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ಸರಿಯಿತು. ಆಮೇಲೆ ಬರೀ ಹಿಂದೆ ನಿಂತರೆ ಸಾಕಾಯಿತು. ಅಷ್ಟು ಒರಟು ಮನುಷ್ಯ ಅಷ್ಟು ಹಗುರವಾಗಿ ಮುಟ್ಟಬಲ್ಲ ಎಂದು ನಾನು ಎಣಿಸಿರಲಿಲ್ಲ.

ಕಂಬಳಿಯ ನಿಯಮ ಎರಡೇ. ಅವಳು ಕಂಬಳಿ ತಂದರೆ ಆ ಕ್ಷಣವೇ ಅವ್ವ ಸಿಗಬೇಕು, ಒಂದು ಸಲವೂ ತಪ್ಪಬಾರದು. ಮುಷ್ಟಿ ಎತ್ತಿದರೆ ಸಿಗಬಾರದು, ಒಂದು ಸಲವೂ ಸೋಲಬಾರದು. ಅಂಗೈ ಒಡ್ಡಿ ತಡೆಯಿರಿ, ಕೈ ಕೆಳಗಿಳಿಯುವವರೆಗೆ ಕಾಯಿರಿ, ಆಮೇಲೆ ಕಂಬಳಿ ತೋರಿಸಿ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಹಳೆಯ ದಾರಿ ಮುಚ್ಚಿದಾಗ ಮೊದಲು ಏಟು ಹೆಚ್ಚಾಗುತ್ತದೆ, ಹೆದರಬೇಡಿ ಎಂದೂ ಎಚ್ಚರಿಸಿದ್ದೆ.

ಎಚ್ಚರಿಸಿದ್ದು ಕೆಲಸಕ್ಕೆ ಬರಲಿಲ್ಲ. ಅವ್ವ ನಿಜವಾಗಿ ಹೊರಗೆ ಕೂತ ಮೊದಲ ಸಲ ಹುಡುಗಿಗೆ ಕಂಬಳಿ ನೆನಪಾಗಲಿಲ್ಲ. ಅಜ್ಜಿ ಗಟ್ಟಿಯಾಗಿಯೇ ನಿಂತಳಂತೆ, ಅಂಗೈ ಒಡ್ಡಿ ಒಡ್ಡಿ ಅಜ್ಜಿಯ ಕೈಯೇ ಬಾತಿತ್ತು. ಆದರೂ ತಪ್ಪಿಸಿಕೊಂಡ ಏಟುಗಳು ಕಣ್ಣಿಗೆ ಬಿದ್ದವು. ಮತ್ತೆ ಚಳ್ಳಕೆರೆಗೆ ಕರೆತಂದೆವು. ಡಾಕ್ಟರು ಸಿಟ್ಟಾದರು. ಪರದೆ ಇನ್ನೂ ನಿಂತಿದೆ, ಇನ್ನೊಂದು ಸಲ ಹೀಗಾದರೆ ನನ್ನ ಬಳಿಗೆ ತರಬೇಡಿ ಎಂದರು. ಹೊರಗೆ ಬಂದ ಮೇಲೆ ಚಿಕ್ಕಪ್ಪ ನನ್ನ ಮುಖ ನೋಡದೆ ಹೇಳಿದ.

"ಇನ್ನೊಂದ್ ಸಲ ನೋಡ್ತೀನಿ ಮೇಷ್ಟ್ರೇ. ಆಗ್ಲೂ ಕಣ್ಣು ಊದಿದ್ರೆ ಎರಡೂ ಕೈ ಬೆನ್ನಿಗೆ ಕಟ್ಟಿಬಿಡ್ತೀನಿ. ಕಣ್ಣಾದ್ರೂ ಉಳೀಲಿ."

ಕೈ ಕಟ್ಟಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಕಟ್ಟಿದ ಕೈಯನ್ನು ಯಾರೂ ಬಿಚ್ಚುವುದಿಲ್ಲ. ಶೇಂಗಾ ಸುಲಿಯುವುದು, ದಾರ ತಿರುಗಿಸುವುದು, ಕೈಯೆತ್ತಿ ಊಟ ಮಾಡುವುದು ಎಲ್ಲ ಹೋಗುತ್ತದೆ, ಕೈ ಸಿಗದಿದ್ದರೆ ತಲೆಯನ್ನು ಗೋಡೆಗೆ ಹೊಡೆದುಕೊಳ್ಳುವವರನ್ನೂ ನೋಡಿದ್ದೆ. ಹಾಗೆಂದು ಅವನಿಗೆ ಹೇಳಿದೆ. ನಿಮ್ಮ ಮಾತು ನಂಬಿಯೇ ಕಣ್ಣು ಈ ಸ್ಥಿತಿಗೆ ಬಂದದ್ದು ಎಂದ.

ಆ ನಡುವಿನ ವಾರಗಳಲ್ಲಿ ಹೆಚ್ಚು ಸಲ ಹೋದೆ. ಈಗ ಅವ್ವನನ್ನು ಅಂಗಳದಲ್ಲಿ ಕೂರಿಸುವುದು ಬಿಟ್ಟು, ಬೇಲಿಯ ಗಂಡಿಯ ಹೊರಗೆ, ಆ ಬೇವಿನ ಮರದ ಕೆಳಗೇ ಕೂರಿಸಿ ಅಭ್ಯಾಸ ಮಾಡಿಸಿದೆವು. ಮೊದಲು ಇದನ್ನೇ ಮಾಡಬೇಕಿತ್ತು. ಅಂಗಳದಲ್ಲಿ ಕಲಿತದ್ದು ಬೇಲಿಯ ಹತ್ತಿರ ತಾನಾಗಿ ಬರುವುದಿಲ್ಲ. ಹುಡುಗಿ ಹಿತ್ತಿಲಿನಿಂದ ಗೂಟದವರೆಗೆ ಹೋಗಿ ಕಂಬಳಿ ತರುವುದನ್ನು ಕಲಿತಳು. ಆದರೆ ಅವೆಲ್ಲ ಆಟದ ದಿನಗಳು. ನಿಜವಾದ ದಿನ ಏನಾಗುತ್ತದೋ ನೋಡಲು ನನಗೆ ಅನುಮತಿ ಇರಲಿಲ್ಲ.

ಒಂದು ಬೆಳಿಗ್ಗೆ ಕಂಡಕ್ಟರನ ಕೈಯಲ್ಲಿ ಸುದ್ದಿ ಬಂತು. ಮೇಷ್ಟ್ರು ಈ ವಾರ ಬರೋದು ಬ್ಯಾಡ ಅಂತ ಚಿಕ್ಕಪ್ಪ ಹೇಳಿದನಂತೆ. ಯಾಕೆಂದು ನನಗೆ ಅರ್ಥವಾಯಿತು. ವಾರ ಕಳೆದ ಮೇಲೆ ಅಜ್ಜಿ ಹೇಳುತ್ತಾಳೆ, ಕಾಯಬಹುದಿತ್ತು. ಆದರೆ ಅಜ್ಜಿ ನಿಜ ಹೇಳುತ್ತಾಳೆಯೇ? ಮೊಮ್ಮಗಳ ಕೈ ಕಟ್ಟಿಸಲು ಮನಸ್ಸಿಲ್ಲದವಳು ಒಂದು ಸುಳ್ಳು ಹೇಳದಿರುತ್ತಾಳೆಯೇ? ಅದೇ ಬಸ್ಸು ಹತ್ತಿದೆ. ಕೊಟ್ಟ ಮಾತು ಮುರಿಯುತ್ತಿದ್ದೇನೆ, ಸಿಕ್ಕಿಬಿದ್ದರೆ ಆ ಮನೆಗೆ ಇನ್ನು ಕಾಲಿಡುವಂತಿಲ್ಲ ಎಂದು ಗೊತ್ತಿದ್ದೂ ಹತ್ತಿದೆ.

ಕೆರೆಯಂಗಳದ ಕಡೆಯಿಂದ ಬಂದು ಜಾಲಿ ಪೊದೆಯ ಹಿಂದೆ ಕೂತೆ. ಬಿಸಿಲು ಏರಿತ್ತು. ಅವ್ವ ಬೇವಿನ ಕೆಳಗೆ ಕೂತಿದ್ದಳು. ಹಿತ್ತಿಲಿನಲ್ಲಿ ಹುಡುಗಿ ದಾರ ತಿರುಗಿಸುತ್ತಿದ್ದಳು, ಅಜ್ಜಿ ಒಲೆಯ ಮುಂದೆ ಬೆನ್ನು ಹಾಕಿ ಮುದ್ದೆ ತಿರುವುತ್ತಿದ್ದಳು. ನನ್ನ ಎಡಕ್ಕೆ ಏನೋ ಸರಿದ ಸದ್ದಾಯಿತು. ತಿರುಗಿ ನೋಡಿದರೆ ಪಕ್ಕದ ಪೊದೆಯ ಹಿಂದೆ ಚಿಕ್ಕಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಕೋಲು ನೆಲದ ಮೇಲಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವನು ಕೂಗುತ್ತಾನೆಂದುಕೊಂಡೆ. ಅವನು ಬಾಯಿಗೆ ಬೆರಳಿಟ್ಟು, ಹತ್ತಿರ ಸರಿದು ಪಿಸುಗುಟ್ಟಿದ.

"ಕುರಿ ಬಿಟ್ಟು ಬಂದೀನಿ. ನಮ್ಮವ್ವ ಹೇಳೋದು ನಂಗೆ ನಂಬಿಕಿ ಇಲ್ಲ. ಕೈ ಕಟ್ತೀನಿ ಅಂದಿದ್ನಲ್ಲ, ಅದ್ಕೆ ಸುಳ್ಳು ಹೇಳ್ತಾಳೆ."

ಅಷ್ಟರಲ್ಲಿ ಹುಡುಗಿ ದಾರ ಬಿಟ್ಟು ಎದ್ದು ನಿಂತಳು. ಬೇಲಿಯ ಸಂದಿನಲ್ಲಿ ಅವ್ವನನ್ನು ನೋಡಿದಳು. ಬಲಗೈ ಮುಷ್ಟಿಯಾಯಿತು. ಕೆನ್ನೆಯವರೆಗೆ ಬಂತು. ಚಿಕ್ಕಪ್ಪ ನನ್ನ ತೋಳನ್ನು ಹಿಡಿದ, ಆ ಬೆರಳುಗಳು ಎಷ್ಟು ಬಿಗಿಯೆಂದು ನನಗೆ ಆಗ ತಿಳಿಯಿತು. ಮುಷ್ಟಿ ಅಲ್ಲೇ ನಿಂತಿತು. ಆಮೇಲೆ ಅವಳು ತಿರುಗಿ ಒಳಗೆ ಹೋಗಿ ಕಂಬಳಿ ತಂದಳು.

ಅಜ್ಜಿ ನೋಡಲಿಲ್ಲ. ಒಲೆಯ ಹೊಗೆಯಲ್ಲಿ ಬೆನ್ನು ಹಾಕಿ ಮುದ್ದೆ ತಿರುವುತ್ತಲೇ ಇದ್ದಳು. ಹುಡುಗಿ ಅವಳ ಹಿಂದೆ ಕಂಬಳಿ ಚಾಚಿಕೊಂಡು ನಿಂತಳು. ಅವ್ವನಿಗೆ ಒಲೆ ಕಾಣುತ್ತಿರಲಿಲ್ಲ. ಎಲ್ಲವನ್ನೂ ಕಾಣುತ್ತಿದ್ದವರು ನಾವಿಬ್ಬರೇ, ಬಾಯಿ ಬಿಡುವಂತಿಲ್ಲದವರೂ ನಾವಿಬ್ಬರೇ. ಒಂದು ಸಲವೂ ತಪ್ಪಬಾರದು ಎಂದು ನಾನು ಎಷ್ಟು ಸಲ ಹೇಳಿದ್ದೆ! ಹುಡುಗಿಯ ಎಡಗೈಗೆ ಕಂಬಳಿ ಜಾರಿತು, ಬಲಗೈ ಮತ್ತೆ ಎದ್ದಿತು. ನಾನು ಕಣ್ಣು ಮುಚ್ಚಿದೆ.

ಸದ್ದು ಕೇಳಲಿಲ್ಲ. ಕಣ್ಣು ಬಿಟ್ಟಾಗ ಆ ಬಲಗೈ ಅಜ್ಜಿಯ ಸೆರಗನ್ನು ಹಿಡಿದು ಜಗ್ಗುತ್ತಿತ್ತು. ಅಜ್ಜಿ ತಿರುಗಲಿಲ್ಲ, ತಡಿಯವ್ವಾ ಎಂದಿರಬೇಕು. ಹುಡುಗಿ ಇನ್ನೂ ಜೋರಾಗಿ ಜಗ್ಗಿದಳು. ಅದಕ್ಕೂ ಆಗದಿದ್ದಾಗ ಕಂಬಳಿಯನ್ನು ಎತ್ತಿ ಅಜ್ಜಿಯ ತಲೆಯ ಮೇಲೇ ಹಾಕಿಬಿಟ್ಟಳು. ಯಾರೂ ಅವಳಿಗೆ ಅದನ್ನು ಕಲಿಸಿರಲಿಲ್ಲ. ಅಜ್ಜಿ ಕಂಬಳಿಯೊಳಗಿಂದ ಬೈಯುತ್ತಾ, ನಗುತ್ತಾ ಹೊರಬಂದು, ಮುದ್ದೆ ಕೈಯಲ್ಲೇ ಅದನ್ನು ಅವಳಿಗೆ ಹೊದಿಸಿ ಗಂಡಿಯ ಕಡೆಗೆ ಬಿಟ್ಟಳು. ಅವಳು ಅವ್ವನ ಮಡಿಲಲ್ಲಿ ಕೂತು ಹಿಂದಕ್ಕೂ ಮುಂದಕ್ಕೂ ತೂಗತೊಡಗಿದಳು. ಅವ್ವನೂ ಅವಳ ಜೊತೆ ತೂಗಿದಳು.

ಚಿಕ್ಕಪ್ಪ ನನ್ನ ತೋಳು ಬಿಟ್ಟಿರಲಿಲ್ಲ. ನನಗೆ ಕಣ್ಣೀರು ಬಂದಿತ್ತು, ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಬಹಳ ಹೊತ್ತಾದ ಮೇಲೆ ಅವನು ಕೈ ಸಡಿಲಿಸಿ, ಬಗ್ಗಿಕೊಂಡೇ ನನ್ನನ್ನು ಕೆರೆಯಂಗಳದವರೆಗೆ ಕರೆದುಕೊಂಡು ಬಂದ. ಯಜಮಾನರಿಗೆ ಹೇಳುತ್ತಾನೋ ಏನೋ ಎಂದು ನಾನು ಇನ್ನೂ ಅನುಮಾನದಲ್ಲೇ ಇದ್ದೆ. ದಾರಿ ಕವಲೊಡೆಯುವಲ್ಲಿ ನಿಂತು, ಬಸ್ಸಿನ ಧೂಳು ಕಾಣುತ್ತಿದ್ದ ಕಡೆಗೆ ಕೈ ತೋರಿಸಿದ.

"ಹೋಗ್ರಿ, ಯಾರಾರ ನೋಡ್ಯಾರು. ಇನ್ನ ಹಿಂಗೆ ಕದ್ದು ಬರಬ್ಯಾಡ್ರಿ. ನಾನೇ ಬಂದು ಹೇಳ್ತೀನಿ, ನಂಬ್ರಿ."

ಆಯಿತು ಎಂದೆ. ಆ ಹಟ್ಟಿಗೆ ನಾನು ಹೇಳದೆ ಹೋದದ್ದು ಅದೇ ಕೊನೆ.